ಧೂಳಿನ ಹಿಂದಿನ ನಕ್ಷತ್ರ, ಧೂಳಿನೊಳಗಿನ ಇಂಗಾಲ

2025ರ ಜನವರಿಯಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದ ಸುದ್ದಿ ಬಂತು. ನಾಸಾದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ಇಳಿಸಿದ 121.6 ಗ್ರಾಂ ಕಲ್ಲುಮಣ್ಣಿನಲ್ಲಿ, ನಮ್ಮ ದೇಹದ ಪ್ರೋಟೀನುಗಳಿಗೆ ಬೇಕಾದ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕಿದ್ದವು. ಮೂರು ತಿಂಗಳ ನಂತರ, ಏಪ್ರಿಲ್‌ನಲ್ಲಿ, ಕೆ2-18ಬಿ ಎಂಬ ದೂರದ ಗ್ರಹದ ವಾತಾವರಣದಲ್ಲಿ ಜೀವದ ಸುಳಿವು ಕಂಡಿರಬಹುದು ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಖಗೋಳಜ್ಞ ನಿಕ್ಕು ಮಧುಸೂದನ್ ಅವರ ತಂಡ ಹೇಳಿತು. ಬೇರೆ ವಿಜ್ಞಾನಿಗಳು ಅದನ್ನು ಇನ್ನೂ ಒಪ್ಪಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಎರಡೂ ಸುದ್ದಿ ಕೂಡಿಕೊಂಡು "ಬಾಹ್ಯಾಕಾಶದಾಗ ಜೀವ ಸಿಕ್ತಂತ" ಎಂದಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಅದರ ಜೊತೆಗೆ ಒಂದು ವಾಕ್ಯ ಇದ್ದೇ ಇರುತ್ತದೆ: ನಕ್ಷತ್ರಗಳ ನಡುವಿನ ಜಾಗದಲ್ಲೂ ಸಾವಯವ ವಸ್ತು, ಅಂದರೆ ಇಂಗಾಲದ ಸಂಯುಕ್ತ, ತುಂಬಿದೆ. ಗದಗಿನ ಹೈಸ್ಕೂಲ್ ಮಾಸ್ತರರೊಬ್ಬರು ಇದನ್ನು ಓದಿ ಕೇಳಿದ ಪ್ರಶ್ನೆ ನೇರವಾಗಿತ್ತು: "ಬೆನ್ನುವಿನ ಮಣ್ಣು ತಂದಾರ, ಪರೀಕ್ಷಾ ಮಾಡ್ಯಾರ, ಖರೇ. ಆದರ ನಕ್ಷತ್ರದ ನಡುವ ಯಾರೂ ಹೋಗೇ ಇಲ್ಲಲ್ರೀ, ಅಲ್ಲಿ ಏನೈತಿ ಅಂತ ಹೆಂಗ ಹೇಳ್ತಾರ?"

ಹೋಗದೆ ಹೇಳುವ ದಾರಿ ಇದೆ. ಅದರ ಹೆಸರು ಅವಕೆಂಪು ರೋಹಿತ ವಿಜ್ಞಾನ. ಇಂಗ್ಲಿಷಿನ ಇನ್ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿಯೇ ಇದು. ಫಾರ್ಮಸಿ ಅಥವಾ ಕೆಮಿಸ್ಟ್ರಿ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರ ಬಾಯಲ್ಲಿ "ಐಆರ್ ಮಾಡಿಸಬೇಕು" ಎಂಬ ಮಾತು ಕೇಳಿರುತ್ತೀರಿ. ಅದೇ ವಿದ್ಯೆ.

ಖಾಲಿ ಅಲ್ಲದ ಖಾಲಿ ಜಾಗ

ನಕ್ಷತ್ರಗಳ ನಡುವಿನ ಜಾಗ ನಾವು ಭೂಮಿಯ ಮೇಲೆ ಮಾಡಬಲ್ಲ ಯಾವ ನಿರ್ವಾತಕ್ಕಿಂತಲೂ ಖಾಲಿ. ಸರಾಸರಿ ಲೆಕ್ಕದಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣು ಸಿಕ್ಕರೆ ದೊಡ್ಡದು. ಆದರೆ ದೂರ ಮಿತಿಯಿಲ್ಲದ್ದು. ಸಾವಿರಾರು ಜ್ಯೋತಿರ್ವರ್ಷಗಳ ದಾರಿಯಲ್ಲಿ ಈ ಅಲ್ಪವೇ ಕೂಡಿ ಕೂಡಿ ದಟ್ಟ ಪರದೆಯಾಗುತ್ತದೆ. ಈ ವಸ್ತುವಿನಲ್ಲಿ ಹೆಚ್ಚಿನದು ಜಲಜನಕ ಮತ್ತು ಹೀಲಿಯಂ ಅನಿಲ. ತೂಕದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ಧೂಳು.

ಧೂಳು ಎಂದರೆ ನಮ್ಮ ಹುಬ್ಬಳ್ಳಿ ರಸ್ತೆಯ ಧೂಳಿನಷ್ಟು ದಪ್ಪದ್ದಲ್ಲ. ಒಂದೊಂದು ಕಣವೂ ಸುಮಾರು ಒಂದು ಮೈಕ್ರಾನಿನ ಹತ್ತನೇ ಒಂದು ಭಾಗ, ಅಂದರೆ ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಬೀಡಿ ಹೊಗೆಯ ಕಣಗಳ ಅಳತೆ ಎನ್ನಬಹುದು. ಮುಪ್ಪಾದ ನಕ್ಷತ್ರಗಳು ಉಗುಳಿದ ಅನಿಲ ತಣ್ಣಗಾಗುವಾಗ ಇಂಥ ಕಣಗಳು ಹುಟ್ಟುತ್ತವೆ. ಕೆಲವು ಕಲ್ಲಿನ ಜಾತಿಯವು, ಕೆಲವು ಇಂಗಾಲದ ಜಾತಿಯವು.

ಇಂಥ ಧೂಳು ಇದೆ ಎಂದು ನಿಸ್ಸಂದೇಹವಾಗಿ ತೋರಿಸಿದವರು ರಾಬರ್ಟ್ ಟ್ರಂಪ್ಲರ್, 1930ರಲ್ಲಿ. ನಕ್ಷತ್ರಗಳ ಗುಚ್ಛಗಳನ್ನು ಅಳೆಯುವಾಗ, ದೂರದ ಗುಚ್ಛಗಳು ಆ ದೂರಕ್ಕೆ ಇರಬೇಕಾದದ್ದಕ್ಕಿಂತ ಮಂಕಾಗಿ ಕಂಡವು. ನಡುವೆ ಏನೋ ಬೆಳಕನ್ನು ತಿನ್ನುತ್ತಿರಬೇಕು ಎಂಬುದೊಂದೇ ಅದಕ್ಕೆ ಸರಿಹೊಂದುವ ಉತ್ತರವಾಗಿತ್ತು.

ನಕ್ಷತ್ರ ಕೆಂಪಾಗುವುದು ಹೇಗೆ

ಬೇಸಿಗೆಯ ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ರಾಯಾಪುರದ ಹತ್ತಿರ ಸೂರ್ಯ ಎದುರಿಗೇ ಕೆಂಪಗೆ ಮುಳುಗುತ್ತಿರುತ್ತಾನೆ. ಮಧ್ಯಾಹ್ನದ ಸೂರ್ಯನೇ ಅವನು, ಬದಲಾಗಿಲ್ಲ. ಸಂಜೆ ಅವನ ಬೆಳಕು ಹೆಚ್ಚು ದೂರ ಗಾಳಿ ಮತ್ತು ಧೂಳಿನೊಳಗೆ ಹಾದು ಬರಬೇಕು. ನೀಲಿ ಬೆಳಕಿನ ತರಂಗ ಗಿಡ್ಡ, ಅದು ಅತ್ತಿತ್ತ ಚದುರಿ ಹೋಗುತ್ತದೆ. ಕೆಂಪು ಬೆಳಕಿನ ತರಂಗ ಉದ್ದ, ಅದು ಹೆಚ್ಚು ಉಳಿದು ನಮ್ಮ ಕಣ್ಣಿಗೆ ತಲುಪುತ್ತದೆ. ನಕ್ಷತ್ರಗಳ ನಡುವಿನ ಧೂಳಿನ ಕಣಗಳ ಗಾತ್ರ ಬೆಳಕಿನ ತರಂಗಾಂತರಕ್ಕೆ ಹತ್ತಿರವಿರುವುದರಿಂದ ಅಲ್ಲೂ ನೀಲಿಗೆ ಹೆಚ್ಚು ಪೆಟ್ಟು, ಕೆಂಪಿಗೆ ಕಡಿಮೆ.

ಧೂಳಿಲ್ಲದೆಯೂ ತಾವೇ ಕೆಂಪಾಗಿರುವ ನಕ್ಷತ್ರಗಳೂ ಇವೆ. ಆರ್ದ್ರಾ ಮತ್ತು ಜ್ಯೇಷ್ಠಾ ಕೆಂಪಾಗಿ ಕಾಣುವುದು ಅವುಗಳ ಮೇಲ್ಮೈ ತಣ್ಣಗಿರುವುದರಿಂದ. ಹಾಗಾದರೆ ಧೂಳಿನಿಂದ ಕೆಂಪಾದದ್ದು ಯಾವುದು ಎಂದು ಹೇಳುವುದು ಹೇಗೆ? ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಹರಡಿ ನೋಡಿದಾಗ (ಈ ಹರವಿಗೇ ರೋಹಿತ ಎಂದು ಹೆಸರು) ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಯಾವ ಗೆರೆಗಳಿವೆ ಎಂಬುದರಿಂದ ನಕ್ಷತ್ರದ ತಾಪಮಾನ ಗೊತ್ತಾಗುತ್ತದೆ. ಗೆರೆಗಳು "ನಾನು ಬಿಸಿ, ನೀಲಿಯಾಗಿರಬೇಕಾದವನು" ಎಂದು ಹೇಳುತ್ತಿದ್ದು, ಬಣ್ಣ ಕೆಂಪಾಗಿದ್ದರೆ ನಡುವೆ ಧೂಳಿದೆ ಎಂದೇ ಅರ್ಥ. ಎಷ್ಟು ಕೆಂಪಾಗಿದೆಯೋ ಅದರಿಂದ ಧೂಳು ಎಷ್ಟಿದೆ ಎಂಬ ಲೆಕ್ಕವೂ ಸಿಗುತ್ತದೆ.

ಇದರ ಹೆಸರಾಂತ ಉದಾಹರಣೆ ಹಂಸ ನಕ್ಷತ್ರಪುಂಜದಲ್ಲಿದೆ: ಸಿಗ್ನಸ್ ಒಬಿ2 ಗುಂಪಿನ 12ನೇ ನಕ್ಷತ್ರ, ಸುಮಾರು 5,000 ಜ್ಯೋತಿರ್ವರ್ಷ ದೂರ. ನಮ್ಮ ಆಕಾಶಗಂಗೆಯ ಅತಿ ಪ್ರಖರ ನಕ್ಷತ್ರಗಳಲ್ಲಿ ಇದೂ ಒಂದು. ನಡುವೆ ಧೂಳಿಲ್ಲದಿದ್ದರೆ ನಮಗೆ ಮಘಾ ನಕ್ಷತ್ರದಷ್ಟು ಪ್ರಕಾಶವಾಗಿ, ನೀಲಿ-ಬಿಳಿಯಾಗಿ ಕಾಣಬೇಕಿತ್ತು. ಧೂಳು ಅದರ ಬೆಳಕನ್ನು ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಮಾಡಿರುವುದರಿಂದ ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ.

ಅವಕೆಂಪಿನಲ್ಲೇ ಯಾಕೆ ನೋಡಬೇಕು

ಕೆಂಪಿನ ಆಚೆಗೂ ಬೆಳಕಿದೆ, ಕಣ್ಣಿಗೆ ಕಾಣದ ಬೆಳಕು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪ್ರಿಸಮ್ಮಿನಿಂದ ಹರಡಿಸಿ, ಕೆಂಪಿನ ಪಕ್ಕದ ಕತ್ತಲ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಬಿಸಿಯಾಯಿತು. ಅದೇ ಅವಕೆಂಪು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರಾನ್, ಅವಕೆಂಪು ಅಲ್ಲಿಂದ ಮುಂದೆ ನೂರಾರು ಮೈಕ್ರಾನ್‌ಗಳ ತನಕ.

ತರಂಗ ಉದ್ದವಾದಷ್ಟೂ ಧೂಳಿನ ಕಾಟ ಕಡಿಮೆ. ನಮ್ಮ ಆಕಾಶಗಂಗೆಯ ಕೇಂದ್ರ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಮ್ಮನ್ನು ತಲುಪುತ್ತದೆ. ಅದೇ 2.2 ಮೈಕ್ರಾನಿನ ಅವಕೆಂಪಿನಲ್ಲಿ ನೋಡಿದರೆ ಹತ್ತಕ್ಕೆ ಒಂದರಷ್ಟು ಬರುತ್ತದೆ. ಎರಿಕ್ ಬೆಕ್ಲಿನ್ ಮತ್ತು ಗೆರಿ ನಾಯ್ಗೆಬಾವರ್ 1966ರಲ್ಲಿ ಮೊದಲ ಬಾರಿಗೆ ಆ ಕೇಂದ್ರವನ್ನು ಅವಕೆಂಪಿನಲ್ಲಿ ಕಂಡದ್ದು ಹೀಗೆ.

ಆದರೆ ಅವಕೆಂಪು ಬೇಕಾಗುವುದು ಧೂಳನ್ನು ದಾಟಲಿಕ್ಕೆ ಮಾತ್ರವಲ್ಲ. ಧೂಳು ಯಾವುದರಿಂದ ಆಗಿದೆ ಎಂಬ ಗುರುತು ಬೀಳುವುದೂ ಅಲ್ಲಿಯೇ.

ಬಂಧಗಳ ಶ್ರುತಿ

ಅಣುವಿನಲ್ಲಿ ಪರಮಾಣುಗಳು ಗಟ್ಟಿಯಾಗಿ ಬೆಸೆದುಕೊಂಡು ಸುಮ್ಮನೆ ಕೂತಿರುವುದಿಲ್ಲ, ಕಂಪಿಸುತ್ತಿರುತ್ತವೆ. ತಂಬೂರಿಯನ್ನು ನೆನಪಿಸಿಕೊಳ್ಳಿ. ಜೋಡಿಯ ತಂತಿ ತೆಳು, ಅದರ ಸ್ವರ ಮೇಲಿನದು. ಖರ್ಜದ ತಂತಿ ದಪ್ಪ, ಸ್ವರ ಕೆಳಗಿನದು. ಬಿಗಿ ಹೆಚ್ಚಿಸಿದರೆ ಸ್ವರ ಏರುತ್ತದೆ. ಪರಮಾಣುಗಳ ಬಂಧಕ್ಕೂ ಹೀಗೆಯೇ ತೂಕ ಮತ್ತು ಬಿಗಿ ಸೇರಿ ಒಂದು ಶ್ರುತಿ ನಿಗದಿಯಾಗುತ್ತದೆ. ಅದೇ ಶ್ರುತಿಯ ಅವಕೆಂಪು ಬೆಳಕು ಬಂದರೆ ಬಂಧ ಅದನ್ನು ಹೀರಿಕೊಂಡು ಇನ್ನಷ್ಟು ಜೋರಾಗಿ ಕಂಪಿಸುತ್ತದೆ. ಬೇರೆ ಶ್ರುತಿಯದನ್ನು ಮುಟ್ಟದೆ ಬಿಡುತ್ತದೆ.

ಜಲಜನಕ ಎಲ್ಲಕ್ಕಿಂತ ಹಗುರ. ಹಾಗಾಗಿ ಇಂಗಾಲ-ಜಲಜನಕ ಬಂಧದ ಶ್ರುತಿ ಮೇಲಿನದು, ಅಂದರೆ ತರಂಗ ಗಿಡ್ಡ, 3.4 ಮೈಕ್ರಾನಿನ ಸುತ್ತ. ನೀರಿನ ಹಿಮದಲ್ಲಿರುವ ಆಮ್ಲಜನಕ-ಜಲಜನಕ ಬಂಧ 3.1ರ ಹತ್ತಿರ. ಕಲ್ಲಿನಲ್ಲಿರುವ ಸಿಲಿಕಾನ್-ಆಮ್ಲಜನಕ ಬಂಧದ ಎರಡೂ ಪರಮಾಣುಗಳು ಭಾರ, ಅದು ಕೆಳಗಿಳಿದು 9.7 ಮೈಕ್ರಾನಿನಲ್ಲಿ ಸಿಗುತ್ತದೆ. ಈ ಅಂಕಿಗಳು ಎಲ್ಲಿ ಹೋದರೂ ಒಂದೇ. ಧಾರವಾಡದಲ್ಲಿಯೂ ಅಷ್ಟೇ, ಆಕಾಶಗಂಗೆಯ ನಡುವೆಯೂ ಅಷ್ಟೇ. ಇಡೀ ವಿದ್ಯೆ ನಿಂತಿರುವುದು ಇದರ ಮೇಲೆ.

ದೀಪ, ಮಾದರಿ, ಅಳೆಯುವ ಯಂತ್ರ

ಕಾಲೇಜಿನ ಐಆರ್ ಯಂತ್ರದಲ್ಲಿ ಮೂರು ಭಾಗ. ಅವಕೆಂಪು ಬೆಳಕು ಕೊಡುವ ಒಂದು ದೀಪ, ಅದರ ದಾರಿಯಲ್ಲಿ ಇಡುವ ಮಾದರಿ, ಆಚೆ ಬಂದ ಬೆಳಕನ್ನು ಅಳೆಯುವ ಯಂತ್ರ. ವಿದ್ಯಾರ್ಥಿಗಳು ಔಷಧಿಯ ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು ಬಿಲ್ಲೆ ಒತ್ತುತ್ತಾರೆ, ಯಾಕೆಂದರೆ ಆ ಉಪ್ಪು ಅವಕೆಂಪನ್ನು ಹೀರುವುದಿಲ್ಲ. ಹೊರಬರುವ ಗ್ರಾಫಿನಲ್ಲಿ ಎಲ್ಲೆಲ್ಲಿ ಗುಳಿ ಬಿದ್ದಿದೆಯೋ ಅಲ್ಲಲ್ಲಿ ಒಂದೊಂದು ಬಂಧ ಇದೆ.

ಆಕಾಶದಲ್ಲಿ ದೀಪ ನಕ್ಷತ್ರ, ಮಾದರಿ ದಾರಿಯ ಉದ್ದಕ್ಕೂ ಹರಡಿದ ಧೂಳು, ಅಳೆಯುವ ಯಂತ್ರ ದೂರದರ್ಶಕ. ಬಿಲ್ಲೆಯ ದಪ್ಪ ಒಂದು ಮಿಲಿಮೀಟರ್ ಬದಲು ಸಾವಿರಾರು ಜ್ಯೋತಿರ್ವರ್ಷ, ಅಷ್ಟೇ ವ್ಯತ್ಯಾಸ. ಖಗೋಳಜ್ಞರು ಧೂಳಿನಿಂದ ತೀರ ಕೆಂಪಾದ ನಕ್ಷತ್ರಗಳನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣ ಇದು. ಕೆಂಪು ಹೆಚ್ಚಿದ್ದಷ್ಟೂ ಧೂಳು ಹೆಚ್ಚು, ಧೂಳು ಹೆಚ್ಚಿದ್ದಷ್ಟೂ ಗುಳಿ ಆಳ. ಜೊತೆಗೆ ನಕ್ಷತ್ರ ಪ್ರಖರವಾಗಿಯೂ ಇರಬೇಕು, ಇಲ್ಲದಿದ್ದರೆ ಅಳೆಯಲು ಬೆಳಕೇ ಉಳಿಯುವುದಿಲ್ಲ. ಎರಡೂ ಗುಣ ಒಟ್ಟಿಗೆ ಇರುವ ನಕ್ಷತ್ರಗಳು ಕಡಿಮೆ, ಹಾಗಾಗಿ ಸಂಶೋಧನಾ ಪ್ರಬಂಧಗಳಲ್ಲಿ ಅದೇ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ತೊಡಕು ಬೇರೆ ಇದೆ. ಭೂಮಿಯ ಗಾಳಿಯಲ್ಲಿರುವ ನೀರಾವಿ ಮತ್ತು ಮೀಥೇನ್ ಕೂಡ 3.3 ಮೈಕ್ರಾನಿನ ಆಸುಪಾಸಿನಲ್ಲೇ ಬೆಳಕು ಹೀರುತ್ತವೆ. ಆದ್ದರಿಂದ ಎತ್ತರದ, ಒಣ ಜಾಗ ಬೇಕು. ಹವಾಯಿಯ ಮೌನಾ ಕೀ ಶಿಖರ 4,200 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹಿಮಾಲಯ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಮೇಲಿದೆ. ಮಳೆಗಾಲದ ಧಾರವಾಡದಲ್ಲಿ ಈ ಕೆಲಸ ಆಗದು. ಹತ್ತಿರದಲ್ಲೇ ಇರುವ, ಧೂಳಿಲ್ಲದ ಇನ್ನೊಂದು ನಕ್ಷತ್ರವನ್ನೂ ಅಳೆದು, ಮೊದಲನೆಯದನ್ನು ಅದರಿಂದ ಭಾಗಿಸಿದರೆ ನಮ್ಮ ಗಾಳಿಯ ಗುರುತುಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಗಾಳಿಯನ್ನೇ ದಾಟಿ ಹೋಗುವುದು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನಿಗೆ ಕೊಡೆ ಹಿಡಿದುಕೊಂಡು, ಮೈನಸ್ 220 ಡಿಗ್ರಿಗಿಂತ ತಣ್ಣಗೆ ಕೂತಿದೆ. ಬೆಚ್ಚಗಿನ ವಸ್ತುವೆಲ್ಲ ತಾನೇ ಅವಕೆಂಪು ಹೊಮ್ಮಿಸುತ್ತದೆ. ಬೆಚ್ಚಗಿನ ದೂರದರ್ಶಕ ತನ್ನದೇ ಬೆಳಕಿನಲ್ಲಿ ಕುರುಡಾಗುತ್ತದೆ.

3.4 ಮೈಕ್ರಾನಿನ ಗುಳಿ

ಆಕಾಶಗಂಗೆಯ ಕೇಂದ್ರದ ಬಳಿ ಐಆರ್‌ಎಸ್-7 ಎಂಬ ಕೆಂಪು ಮಹಾದೈತ್ಯ ನಕ್ಷತ್ರವಿದೆ. 1980ರಲ್ಲಿ ದಯಾಳ್ ವಿಕ್ರಮಸಿಂಘೆ ಮತ್ತು ಡೇವಿಡ್ ಅಲೆನ್ ಅದರ ಅವಕೆಂಪು ರೋಹಿತವನ್ನು ಪ್ರಕಟಿಸಿದಾಗ 3.4 ಮೈಕ್ರಾನಿನಲ್ಲಿ ಸ್ಪಷ್ಟ ಗುಳಿ ಕಾಣಿಸಿತು. ಅಲ್ಲಿ ಇಂಗಾಲ-ಜಲಜನಕ ಬಂಧಗಳಿದ್ದವು.

ರಸಾಯನಶಾಸ್ತ್ರದಲ್ಲಿ ಇಂಥ ಬಂಧಗಳಿರುವ ಇಂಗಾಲದ ಸಂಯುಕ್ತಗಳಿಗೆಲ್ಲ ಸಾವಯವ ಎಂದೇ ಹೆಸರು. ಸೀಮೆಎಣ್ಣೆ, ಮೇಣ, ಪ್ಲಾಸ್ಟಿಕ್ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಜೀವ ಇರಬೇಕೆಂಬ ಷರತ್ತೇನೂ ಅದರಲ್ಲಿಲ್ಲ.

ಕೆಮಿಸ್ಟ್ರಿ ವಿದ್ಯಾರ್ಥಿಗಳು ಮೈಕ್ರಾನ್ ಬದಲು ವೇವ್‌ನಂಬರ್, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗ ಹಿಡಿಯುತ್ತವೆ ಎಂಬ ಲೆಕ್ಕ, ಬಳಸುತ್ತಾರೆ. 10,000ವನ್ನು 3.4ರಿಂದ ಭಾಗಿಸಿ, ಸುಮಾರು 2,940 ಬರುತ್ತದೆ. "ಅಯ್ಯ, ಇದು ಸಿ-ಎಚ್ ಸ್ಟ್ರೆಚ್!" ಎಂದು ಫಾರ್ಮಸಿಯ ಎರಡನೇ ವರ್ಷದವರೂ ಹೇಳಿಬಿಡುತ್ತಾರೆ, ಅಂದರೆ ಇಂಗಾಲ-ಜಲಜನಕ ಬಂಧ ಹಿಗ್ಗಿ ಕುಗ್ಗುವ ಕಂಪನ. ಇನ್ನೂ ಚಂದದ ಸಂಗತಿ ಮುಂದಿದೆ. ಬಿಲ್ಲೆ ಒತ್ತಲಾಗದ ಮಾದರಿಯನ್ನು ಲ್ಯಾಬಿನಲ್ಲಿ ನ್ಯೂಜಾಲ್ ಎಂಬ ಎಣ್ಣೆಯಲ್ಲಿ ಕಲಸುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಅದರ ಜಾತಿಯದ್ದೇ. ನ್ಯೂಜಾಲ್‌ನ ಸ್ವಂತ ಗುಳಿಗಳು 2,900ರ ಆಸುಪಾಸು, 1,460 ಮತ್ತು 1,377ರ ಹತ್ತಿರ ಬೀಳುತ್ತವೆ. ವರದಿ ಬರೆಯುವಾಗ ಅವನ್ನು ಬಿಟ್ಟುಬಿಡಿ ಎಂದು ಮೇಡಂ ಹೇಳಿರುತ್ತಾರೆ. ಮೈಕ್ರಾನಿಗೆ ಬದಲಿಸಿದರೆ ಅವು 3.4, 6.85, 7.26. ಆಕಾಶಗಂಗೆಯ ಕೇಂದ್ರದ ದಿಕ್ಕಿನಲ್ಲಿ ಕಾಣುವ ಗುಳಿಗಳು 3.4, 6.85, 7.25. ವಿದ್ಯಾರ್ಥಿ ಬಿಟ್ಟುಬಿಡುವ ಗುಳಿಗಳೇ ಖಗೋಳಜ್ಞನಿಗೆ ಬೇಕಾದ ಗುಳಿಗಳು.

ಹಾಗೆಂದು ಆಕಾಶದಲ್ಲಿ ಪ್ಯಾರಾಫಿನ್ ಎಣ್ಣೆ ತೇಲುತ್ತಿದೆ ಎಂದಲ್ಲ. ಒಂದೇ ಬಗೆಯ ಬಂಧಗಳು ಎರಡರಲ್ಲೂ ಇವೆ ಎಂದಷ್ಟೇ. 3.4ರ ಗುಳಿಯನ್ನು ಹತ್ತಿರದಿಂದ ನೋಡಿದರೆ ಅದರೊಳಗೆ 3.38, 3.42 ಮತ್ತು 3.48ರಲ್ಲಿ ಸಣ್ಣ ಗುಳಿಗಳಿವೆ. ಮೂರು ಜಲಜನಕ ಹೊತ್ತ ಇಂಗಾಲ ಸರಪಣಿಯ ತುದಿಯದ್ದು, ಎರಡು ಹೊತ್ತದ್ದು ನಡುವಿನದ್ದು. ಅವುಗಳ ಆಳದ ಅನುಪಾತದಿಂದ ತುದಿ ಒಂದಕ್ಕೆ ನಡುವಿನವು ಎರಡರಿಂದ ಮೂರು ಎಂದು ತಿಳಿಯಿತು. ಅಂದರೆ ಸರಪಣಿಗಳು ಗಿಡ್ಡ. ವೈವೊನ್ ಪೆಂಡಲ್ಟನ್, ಸ್ಕಾಟ್ ಸ್ಯಾಂಡ್‌ಫರ್ಡ್, ಲೂಯಿ ಅಲಮಂಡೋಲಾ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಮೊದಲರ್ಧದಲ್ಲಿ ಹಲವು ಕೆಂಪೇರಿದ ನಕ್ಷತ್ರಗಳನ್ನು ಸಾಲಾಗಿ ಅಳೆದು ಮಾಡಿದ ಕೆಲಸ ಇದು.

ಆ ಗುಳಿ ನಕ್ಷತ್ರದ್ದೇ ಇರಬಾರದೇಕೆ ಎಂದು ಕೇಳಬಹುದು. ನಕ್ಷತ್ರದ ಮೇಲ್ಮೈಯ ಬಿಸಿಗೆ ಇಂಥ ಇಂಗಾಲದ ಸರಪಣಿಗಳು ಉಳಿಯುವುದಿಲ್ಲ. ಅಲ್ಲದೆ ತೀರ ಬೇರೆ ಬೇರೆ ಜಾತಿಯ ನಕ್ಷತ್ರಗಳ ಮುಂದೆ ಅದೇ ಆಕಾರದ ಗುಳಿ ಸಿಗುತ್ತದೆ, ಮತ್ತು ಧೂಳು ಹೆಚ್ಚಿದ ಕಡೆ ಗುಳಿಯೂ ಆಳವಾಗುತ್ತದೆ. ದೀಪ ಬದಲಾದರೂ ಗುರುತು ಬದಲಾಗದಿದ್ದರೆ ಗುರುತು ದೀಪದ್ದಲ್ಲ.

ಬ್ಯಾಕ್ಟೀರಿಯಾ ವಾದ

ಈ ಕಥೆಯಲ್ಲಿ ಅತಿ ಹೆಚ್ಚು ಗದ್ದಲ ಎಬ್ಬಿಸಿದವರು ಬ್ರಿಟನ್ನಿನ ಖಗೋಳಜ್ಞ ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ. ಚಂದ್ರ ಅವರು ಮೇಲೆ ಹೇಳಿದ ದಯಾಳ್ ಅವರ ಅಣ್ಣ. ಒಣಗಿಸಿದ ಇ. ಕೋಲಿ ಬ್ಯಾಕ್ಟೀರಿಯಾದ ಅವಕೆಂಪು ರೋಹಿತ ಐಆರ್‌ಎಸ್-7ರ ಗುಳಿಗೆ ಚೆನ್ನಾಗಿ ಹೊಂದುತ್ತದೆ, ಆದ್ದರಿಂದ ಧೂಳಿನ ಕಣಗಳು ಒಣಗಿದ ಸೂಕ್ಷ್ಮಜೀವಿಗಳು ಎಂದು ಅವರು 1980ರ ದಶಕದ ಆರಂಭದಲ್ಲಿ ವಾದಿಸಿದರು.

ಹೊಂದುತ್ತದೆ ಎಂಬುದು ಸುಳ್ಳಲ್ಲ. ತೊಂದರೆ ಏನೆಂದರೆ ಇಂಗಾಲ-ಜಲಜನಕ ಬಂಧ ಇರುವ ಬಹಳಷ್ಟು ವಸ್ತುಗಳು ಆ ಒಂದು ಜಾಗದಲ್ಲಿ ಹೊಂದುತ್ತವೆ. ಬ್ಯಾಕ್ಟೀರಿಯಾ ಎಂದರೆ ಬರೀ ಇಂಗಾಲ-ಜಲಜನಕವಲ್ಲ, ಪ್ರೋಟೀನು ಬೇಕು. ಪ್ರೋಟೀನು ಇದ್ದರೆ 6 ಮತ್ತು 6.5 ಮೈಕ್ರಾನಿನ ಹತ್ತಿರ ಜೋರಾದ ಗುಳಿಗಳು ಬೀಳಲೇಬೇಕು. ನಕ್ಷತ್ರಗಳ ನಡುವಿನ ತೆಳು ಧೂಳಿನಲ್ಲಿ ಅವು ಬೇಕಾದ ಆಳಕ್ಕೆ ಇಲ್ಲ. 2002ರಲ್ಲಿ ಪೆಂಡಲ್ಟನ್ ಮತ್ತು ಅಲಮಂಡೋಲಾ ಹತ್ತಾರು ಪ್ರಯೋಗಾಲಯದ ವಸ್ತುಗಳನ್ನು ಆಕಾಶದ ರೋಹಿತದ ಪಕ್ಕಕ್ಕಿಟ್ಟು ನೋಡಿದಾಗ ಸಾರಜನಕ, ಆಮ್ಲಜನಕ ಬಹಳ ಕಡಿಮೆಯಿರುವ ಹೈಡ್ರೋಕಾರ್ಬನ್ನುಗಳೇ ಹೊಂದಿದವು. ಜೀವಿಮೂಲದವು ಹೊಂದಲಿಲ್ಲ. ಮಸಿಯಂಥ ಇಂಗಾಲದ ಮೇಲೆ ಜಲಜನಕದ ಪರಮಾಣುಗಳನ್ನು ಹಾಯಿಸಿದರೂ 3.4ರ ಗುಳಿ ಹುಟ್ಟುತ್ತದೆ ಎಂದು ಇಟಲಿಯ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದಕ್ಕೆ ಬೇಕಾದ ಎರಡೂ ಸಾಮಾನು ಆಕಾಶದಲ್ಲಿ ಧಾರಾಳ.

ಒಂದು ಗುಳಿ ಹೊಂದಿತು ಎಂದು ಸಂತೋಷಪಡುವ ಮೊದಲು ಬೀಳಬೇಕಾದ ಉಳಿದ ಗುಳಿಗಳು ಬಿದ್ದಿವೆಯೇ ಎಂದು ನೋಡಬೇಕು. ಮುಂದೆ ಇಂಥ ಸುದ್ದಿ ಓದುವಾಗ ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಕಡಿಮೆಯಾದೀತು.

ಹಿಮದ ಮೋಡಗಳು, ಮಸಿಯ ಅಣುಗಳು

ತೆಳು ಧೂಳಿನಲ್ಲಿ ಕಂಡ 3.4ರ ಗುಳಿ, ನಕ್ಷತ್ರಗಳು ಹುಟ್ಟುವ ದಟ್ಟ ಕರಿಮೋಡಗಳ ಒಳಗೆ ಅದೇ ರೂಪದಲ್ಲಿ ಕಾಣುವುದಿಲ್ಲ. ವಿಚಿತ್ರ ಸಂಗತಿ, ಇದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಅಲ್ಲಿ ಕಾಣುವುದು ಬೇರೆಯದೇ ಸಾಲು: ಧೂಳಿನ ಕಣಗಳ ಮೇಲೆ ಕಟ್ಟಿದ ಹಿಮ. ವೆಬ್ ದೂರದರ್ಶಕ ಕಮೀಲಿಯನ್-1 ಎಂಬ ಮೋಡದ ಹಿಂದಿನ ಎರಡು ನಕ್ಷತ್ರಗಳನ್ನು ದೀಪವಾಗಿ ಬಳಸಿ ಪಡೆದ ರೋಹಿತಗಳು 2023ರ ಜನವರಿಯಲ್ಲಿ ಪ್ರಕಟವಾದವು. ಸುಮಾರು ಮೈನಸ್ 263 ಡಿಗ್ರಿಯ ಆ ಹಿಮದಲ್ಲಿ ನೀರು, ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್, ಅಮೋನಿಯಾ, ಮೆಥನಾಲ್ ಸಿಕ್ಕವು. 2002ರಲ್ಲಿ ಎರಡು ತಂಡಗಳು ಲ್ಯಾಬಿನಲ್ಲಿ ಇಂಥದೇ ಹಿಮ ಮಾಡಿ, ಅದರ ಮೇಲೆ ಅತಿನೇರಳೆ ಬೆಳಕು ಬಿಟ್ಟು ಅಮೈನೋ ಆಮ್ಲಗಳನ್ನು ಪಡೆದಿದ್ದವು.

ಇನ್ನೊಂದು ಸಾಲು ಹೀರಿಕೆಯದ್ದಲ್ಲ, ಹೊಮ್ಮಿಕೆಯದ್ದು. 3.3, 6.2, 7.7, 8.6, 11.3 ಮೈಕ್ರಾನ್‌ಗಳಲ್ಲಿ ಆಕಾಶದ ಹಲವು ಕಡೆ ಹೊಳಪು ಕಾಣುತ್ತದೆ. ಇದು ಉಂಗುರ ಉಂಗುರವಾಗಿ ಬೆಸೆದ ಇಂಗಾಲದ ಅಣುಗಳದ್ದು ಎಂಬ ವಿವರಣೆ 1980ರ ದಶಕದ ನಡುವೆ ಬಂತು. ಲಾರಿಯ ಹೊಗೆಯಲ್ಲೂ ಕರಕಾದ ರೊಟ್ಟಿಯಲ್ಲೂ ಇದೇ ಕುಟುಂಬದ ಅಣುಗಳಿವೆ. 60 ಇಂಗಾಲಗಳ ಚೆಂಡಾದ ಫುಲರೀನ್ 2010ರಲ್ಲಿ ಸ್ಪಿಟ್ಜರ್ ದೂರದರ್ಶಕಕ್ಕೆ ಸಿಕ್ಕಿತು.

ಅವಕೆಂಪಿಗೂ ಮಿತಿಯಿದೆ. ಗಟ್ಟಿ ಕಣದೊಳಗೆ ಯಾವ ಬಂಧಗಳಿವೆ ಎಂದು ಅದು ಹೇಳುತ್ತದೆ, ಇಂಥದೇ ಅಣು ಎಂದು ಬೆರಳು ಮಾಡುವುದು ಕಷ್ಟ. ನಕ್ಷತ್ರಗಳ ನಡುವೆ ಹೆಸರು ಹಿಡಿದು ಗುರುತಿಸಿರುವ 300ಕ್ಕೂ ಹೆಚ್ಚು ಅಣುಗಳಲ್ಲಿ ಬಹುಪಾಲು ಅನಿಲರೂಪದವು, ರೇಡಿಯೋ ದೂರದರ್ಶಕಗಳಿಂದ ಸಿಕ್ಕವು.

ಆ ಧೂಳು ನಮ್ಮವರೆಗೆ ಬಂದಿದೆಯೇ

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಊರಲ್ಲಿ ಉಲ್ಕಾಶಿಲೆಯೊಂದು ಬಿತ್ತು. ಅದರಿಂದ ಬೇರ್ಪಡಿಸಿದ ಇಂಗಾಲದ ವಸ್ತುವಿನ 3.4ರ ಗುಳಿಯನ್ನು ಆಕಾಶಗಂಗೆಯ ಕೇಂದ್ರದ ದಿಕ್ಕಿನ ಗುಳಿಯ ಮೇಲಿಟ್ಟರೆ ಎರಡೂ ಬಹಳ ಮಟ್ಟಿಗೆ ಕೂಡುತ್ತವೆ. ಆದರೆ ಮೇಲಿನ ಬ್ಯಾಕ್ಟೀರಿಯಾ ಪಾಠ ಇಲ್ಲಿಗೂ ಅನ್ವಯ: ಗುಳಿ ಕೂಡಿದ ಮಾತ್ರಕ್ಕೆ ವಸ್ತು ಅಲ್ಲಿಂದಲೇ ಬಂತು ಎನ್ನಲಾಗದು. ಇದಕ್ಕೆ ಬೇರೆ ಸಾಕ್ಷಿ ಬೇಕು. ಇಂಥ ಉಲ್ಕೆಗಳ ಸಾವಯವ ವಸ್ತುವಿನಲ್ಲಿ ಡ್ಯುಟೀರಿಯಂ, ಅಂದರೆ ತೂಕದ ಜಲಜನಕ, ಸಾಮಾನ್ಯಕ್ಕಿಂತ ಹೆಚ್ಚಿದೆ. ತೀವ್ರ ಚಳಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು ಡ್ಯುಟೀರಿಯಂ ಅನ್ನು ಅಣುಗಳೊಳಗೆ ಕೂಡಿಡುತ್ತವೆ. ಹಾಗಾಗಿ ಅದರ ಸ್ವಲ್ಪ ಭಾಗವಾದರೂ ಸೂರ್ಯ ಹುಟ್ಟುವ ಮೊದಲಿನ ತಣ್ಣನೆಯ ಮೋಡದಲ್ಲಿ, ಇಲ್ಲವೇ ಎಳೆಯ ಸೌರಮಂಡಲದ ಹೊರ ಅಂಚಿನ ಚಳಿಯಲ್ಲಿ ಆದದ್ದು ಎಂದು ಭಾವಿಸಲಾಗಿದೆ. ಇವೆರಡರಲ್ಲಿ ಯಾವುದು ಎಷ್ಟು ಎಂಬ ಲೆಕ್ಕ ಇನ್ನೂ ಕೂಡಿಲ್ಲ.

ನೋಡಬೇಕೆನ್ನುವವರಿಗೆ

ಆಕಾಶಗಂಗೆಯ ಕೇಂದ್ರ ಇರುವುದು ಮೂಲಾ ನಕ್ಷತ್ರದ ಪಕ್ಕ, ವೃಶ್ಚಿಕದ ಬಾಲ ಮತ್ತು ಧನುವಿನ ನಡುವೆ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ದಕ್ಷಿಣಕ್ಕೆ ಸಿಗುತ್ತದೆ. ಊರ ದೀಪಗಳಿಂದ ದೂರ, ಕಪ್ಪತಗುಡ್ಡದ ಕಡೆ ಹೋದರೆ ಆಕಾಶಗಂಗೆಯ ಬಿಳಿ ಪಟ್ಟಿಯ ನಡುವೆ ಕಪ್ಪು ಸೀಳುಗಳು ಬರಿಗಣ್ಣಿಗೇ ಕಾಣುತ್ತವೆ. ಆ ಕಪ್ಪು ನಕ್ಷತ್ರಗಳಿಲ್ಲದ ಜಾಗವಲ್ಲ, ಧೂಳು. ಸಿಗ್ನಸ್ ಒಬಿ2-12 ಹಂಸದ ಎದೆಯ ಸದ್ರ್ ನಕ್ಷತ್ರದ ಹತ್ತಿರವಿದೆ. ಅಕ್ಟೋಬರ್-ನವೆಂಬರಿನ ಸಂಜೆ, ಕತ್ತಲೆಯ ಆಕಾಶದಲ್ಲಿ 6 ಅಂಗುಲದ ದೂರದರ್ಶಕ ಮತ್ತು ಒಳ್ಳೆಯ ನಕ್ಷೆ ಇದ್ದರೆ ಹಿಡಿಯಬಹುದು.

ರೋಹಿತವನ್ನೇ ನೋಡಬೇಕೆನ್ನುವ ಎಂಎಸ್ಸಿ ಮಕ್ಕಳಿಗೆ ದೂರದರ್ಶಕವೂ ಬೇಡ. ವೆಬ್ ದೂರದರ್ಶಕದ ಮಾಹಿತಿ, ವೀಕ್ಷಿಸಿದವರಿಗೆ ಮೀಸಲಾದ ಅವಧಿ ಮುಗಿದ ಮೇಲೆ (ಹೆಚ್ಚೆಂದರೆ ಸಾಮಾನ್ಯವಾಗಿ ಒಂದು ವರ್ಷ), ಅಂತರ್ಜಾಲದ ಭಂಡಾರದಲ್ಲಿ ಎಲ್ಲರಿಗೂ ಉಚಿತ. ಇಳಿಸಿಕೊಂಡು, ತಮ್ಮ ಲ್ಯಾಬಿನ ನ್ಯೂಜಾಲ್ ಗ್ರಾಫನ್ನು ಮೈಕ್ರಾನಿಗೆ ಬದಲಿಸಿ, ಎರಡನ್ನೂ ಒಂದೇ ಹಾಳೆಯ ಮೇಲೆ ಬಿಡಿಸಬಹುದು.